ಲಿವರ್‌ಪೂಲ್ ಬಂದರು: ಮರ್ಸಿ ನದಿಯ ಉಬ್ಬರ ಇಳಿತದಿಂದ ಶುರುಮಾಡಿ ನೋಡಿ

ಹೊಳೆದಂಡೆ:
ಲಿವರ್‌ಪೂಲ್‌ಗೆ ಬರೋ ನಮ್ಮವರು ಸಾಮಾನ್ಯವಾಗಿ ಆಲ್ಬರ್ಟ್ ಡಾಕ್ ಮುಂದೆ ಫೋಟೋ ತೆಗೆಸ್ಕೊಂಡು, ಸ್ಟೇಡಿಯಂ ನೋಡ್ಕೊಂಡು ಹೊರಟುಬಿಡ್ತಾರೆ. ನಾನಿರೋದು ನದಿ ಆಚೆ ದಡದಲ್ಲಿ, ಬರ್ಕನ್‌ಹೆಡ್ ಕಡೆ, ಕೆಲಸಾನೂ ನೀರಿಗೆ ಸಂಬಂಧಪಟ್ಟಿದ್ದೇ, ಹಾಗಾಗಿ ಇದನ್ನ ಬರೀಬೇಕು ಅಂತ ಬಹಳ ದಿನದಿಂದ ಇತ್ತು. ಈ ಊರಿನ ಡಾಕ್‌ಗಳು (ಹಡಗು ನಿಲ್ಲಿಸೋಕೆ ಗೋಡೆ ಕಟ್ಟಿ ಮಾಡಿದ ಕೊಳಗಳು), ಗೋಡೌನ್‌ಗಳು, ರೈಲು, ಸುರಂಗ, ಕೊನೆಗೆ ಕೆಲಸ ಹೋಗಿ ಊರು ಅರ್ಧ ಖಾಲಿಯಾಗಿದ್ದು, ಎಲ್ಲದರ ಬುಡಕ್ಕೆ ಹೋದ್ರೆ ಸಿಗೋದು ಮರ್ಸಿ ನದಿಯ ಉಬ್ಬರ ಇಳಿತ.

ಮೊದಲು ಅಳಿವೆ ಆಕಾರ ನೋಡಿ. ಬೇರೆ ನದಿಗಳು ಸಮುದ್ರ ಹತ್ರ ಬಂದಹಾಗೆ ಅಗಲ ಆಗ್ತಾ ಹೋಗ್ತವೆ. ಮರ್ಸಿ ಉಲ್ಟಾ. ಒಳಗಡೆ ಐದು ಕಿಲೋಮೀಟರ್ ಹತ್ರ ಅಗಲ ಹರಡ್ಕೊಂಡಿರೋ ನೀರು ಲಿವರ್‌ಪೂಲ್ ಮತ್ತೆ ಬರ್ಕನ್‌ಹೆಡ್ ನಡುವೆ ಬರೋ ಹೊತ್ತಿಗೆ ಹೆಚ್ಚುಕಡಿಮೆ ಒಂದು ಕಿಲೋಮೀಟರ್‌ಗೆ ಕಿರಿದಾಗುತ್ತೆ, ಸೀಸೆ ಕತ್ತಿನ ಥರ. ದಿನಕ್ಕೆ ಎರಡು ಸಲ ಅಷ್ಟೂ ನೀರು ಆ ಕತ್ತಿನಲ್ಲೇ ಒಳಗೆ ನುಗ್ಗಿ ಹೊರಗೆ ಹೋಗ್ಬೇಕು, ಅದಕ್ಕೇ ಸೆಳೆತ ಭಾರಿ ಜೋರು, ಆ ಸೆಳೆತಾನೇ ತಳದ ಮರಳು ಹೂಳು ಎಲ್ಲ ಗುಡಿಸ್ಕೊಂಡು ಹೋಗಿ ಅಲ್ಲಿ ಆಳ ಉಳಿಸಿದೆ. ಪಕ್ಕದ ಡೀ ನದಿಯಲ್ಲಿ ಹೀಗೆ ಆಗ್ಲಿಲ್ಲ, ಹೂಳು ತುಂಬಿ ಚೆಸ್ಟರ್ ಬಂದರು ಕೆಲಸಕ್ಕೆ ಬಾರದ ಹಾಗಾಯ್ತು, ಹಡಗುಗಳು ಇತ್ತ ತಿರುಗಿದ್ವು.

ಆದ್ರೆ ಆಳ ಕೊಟ್ಟ ಉಬ್ಬರಾನೇ ಸಂಕಟಾನೂ ಕೊಡ್ತು. ಇಲ್ಲಿ ನೀರಿನ ಏರಿಳಿತ ಕಡಿಮೆ ಇರೋ ದಿನ 4 ಮೀಟರ್, ಅಮಾವಾಸ್ಯೆ ಹುಣ್ಣಿಮೆ ಹತ್ರದ ದೊಡ್ಡ ಉಬ್ಬರದಲ್ಲಿ 10 ಮೀಟರ್‌ವರೆಗೂ ಹೋಗುತ್ತೆ. ದಡಕ್ಕೆ ಕಟ್ಟಿದ ಹಡಗು ಬೆಳಿಗ್ಗೆ ತೇಲ್ತಾ ಇದ್ರೆ ಮಧ್ಯಾಹ್ನ ಕೆಸರಲ್ಲಿ ವಾಲ್ಕೊಂಡು ಕೂತಿರುತ್ತೆ. ಸರಕು ಇಳಿಸೋದು ಹೇಗೆ? ಇದಕ್ಕೆ ಕಂಡುಕೊಂಡ ಉತ್ತರ 1715ರ ಓಲ್ಡ್ ಡಾಕ್. ಊರೊಳಗೆ ನುಗ್ಗಿದ್ದ ಒಂದು ಕೊಲ್ಲಿಯನ್ನೇ ಗೋಡೆ ಕಟ್ಟಿ, ಬಾಗಿಲು ಹಾಕಿ, ನೀರು ಹಿಡಿದಿಟ್ರು. ಥಾಮಸ್ ಸ್ಟೀರ್ಸ್ ಅನ್ನೋ ಇಂಜಿನಿಯರ್ ಕೆಲಸ. ವ್ಯಾಪಾರಕ್ಕೆ ಅಂತಾನೇ ಕಟ್ಟಿದ, ಬಾಗಿಲಿರೋ ಡಾಕ್ ಜಗತ್ತಲ್ಲಿ ಇದೇ ಮೊದಲು ಅಂತಾರೆ. ಸುಮಾರು 100 ಹಡಗು ಹಿಡಿಯೋಷ್ಟು ಜಾಗ. ಕೈಲಿ ದುಡ್ಡಿಲ್ಲದ ಚಿಕ್ಕ ಊರು ಅದು ಆವಾಗ, ಆ ಧೈರ್ಯ ನೆನೆಸಿಕೊಂಡ್ರೆ ನನಗೆ ಈಗ್ಲೂ ಮೈ ಜುಮ್ಮನ್ನುತ್ತೆ.

ಪಣಂಬೂರು_ಪೋರ:
ಒಳ್ಳೆ ವಿಷಯ ಎತ್ತಿದ್ರಿ ಮಾರಾಯ್ರೆ. ನಮ್ಮ ಪಣಂಬೂರಲ್ಲಿ ಏರಿಳಿತ ಜಾಸ್ತಿ ಅಂದ್ರೆ ಒಂದೂವರೆ ಮೀಟರ್ ಆಸುಪಾಸು, ಭೂಮಿ ಅಗೆದು ಲಗೂನ್ ಮಾಡಿದ್ದಾರೆ, ಬಾಗಿಲು ಗೀಗಿಲು ಎಂತದ್ದೂ ಬೇಡ, ಹಡಗು ಸೀದಾ ಒಳಗೆ ಬರ್ತದೆ. 10 ಮೀಟರ್ ಅಂದ್ರೆ ನಮಗೆ ಊಹೆ ಮಾಡ್ಲಿಕ್ಕೂ ಆಗುದಿಲ್ಲ. ಆ ಬಾಗಿಲು ಅಷ್ಟು ನೀರಿನ ಭಾರ ಹೇಗೆ ತಡೀತದೆ? 1715ರಲ್ಲಿ ಕಬ್ಬಿಣದ ಬಾಗಿಲು ಎಲ್ಲ ಇಲ್ಲ, ಮರದ್ದೇ ಅಲ್ವಾ?

ಹೊಳೆದಂಡೆ:
ಹೌದು ಅಣ್ಣ, ಮರದ್ದೇ. ಎರಡು ಬಾಗಿಲು, ಮುಚ್ಚಿದಾಗ ನೇರ ಗೆರೆಯಲ್ಲಿ ಸೇರಲ್ಲ, ನಡುವೆ ಡಾಕ್ ಒಳಗಡೆಗೆ ಸ್ವಲ್ಪ ಮೂಲೆ ಮಾಡ್ಕೊಂಡು ಸೇರುತ್ತೆ. ಹೊರಗೆ ನದಿ ಇಳಿದ ಹಾಗೆ ಒಳಗಿನ ನೀರಿನ ಒತ್ತಡ ಜಾಸ್ತಿ ಆಗುತ್ತಲ್ಲ, ಆ ಒತ್ತಡಾನೇ ಎರಡೂ ಬಾಗಿಲನ್ನ ಒಂದಕ್ಕೊಂದು ಒತ್ತಿ ಬಿಗಿ ಮಾಡುತ್ತೆ. ಮತ್ತೆ ನದಿ ಏರಿ ಎರಡೂ ಕಡೆ ಮಟ್ಟ ಒಂದೇ ಆದಾಗ ಒತ್ತಡ ಹೋಗುತ್ತೆ, ಆವಾಗ ತೆಗೀಬಹುದು. ಹಾಗಾಗಿ ಹಡಗು ಒಳಗೆ ಬರೋದು ಹೊರಗೆ ಹೋಗೋದು ಎಲ್ಲ ಉಬ್ಬರ ತುಂಬಿದ ಹೊತ್ತಿನ ಆಸುಪಾಸು ಮಾತ್ರ. ಆ ಗಳಿಗೆ ತಪ್ಪಿದ್ರೆ ಇನ್ನೊಂದು ಹನ್ನೆರಡು ಗಂಟೆ ಕಾಯ್ಬೇಕು.

ಇದರಿಂದ ಇನ್ನೊಂದು ಆಯ್ತು, ಉಬ್ಬರ ಯಾವಾಗ, ಎಷ್ಟು ಅಂತ ಮೊದಲೇ ಗೊತ್ತಿರೋದು ಈ ಊರಿಗೆ ದುಡ್ಡಿನ ಪ್ರಶ್ನೆ ಆಗೋಯ್ತು. ವಿಲಿಯಂ ಹಚಿನ್ಸನ್ ಅಂತ ಡಾಕ್ ಮಾಸ್ಟರ್ ಒಬ್ಬರಿದ್ರು, ಅವರು 1764ರಿಂದ 1793ರವರೆಗೆ ಉಬ್ಬರದ ಸಮಯ, ಎತ್ತರ ಬರೆದಿಟ್ರು. ಹೆಚ್ಚುಕಡಿಮೆ ಮೂವತ್ತು ವರ್ಷ, ಹಗಲು ರಾತ್ರಿ ಅನ್ನದೆ! ಆ ಲೆಕ್ಕದ ಆಧಾರದ ಮೇಲೇ 1770ರಲ್ಲಿ ಹೋಲ್ಡನ್ ಅನ್ನೋರು ಉಬ್ಬರದ ಪಂಚಾಂಗ ಅಚ್ಚು ಹಾಕಿಸಿದ್ರು. ಈ ಕೆಲಸ ಅಲ್ಲಿಗೆ ನಿಲ್ಲಲಿಲ್ಲ, ಇಪ್ಪತ್ತನೇ ಶತಮಾನದಲ್ಲಿ ನಮ್ಮ ಕಡೆ ದಡದ ಬಿಡ್‌ಸ್ಟನ್ ಗುಡ್ಡದ ಮೇಲಿನ ವೀಕ್ಷಣಾಲಯದಲ್ಲಿ ಹಲ್ಲುಚಕ್ರ, ರಾಟೆ, ತಂತಿ ಇರೋ ಯಂತ್ರಗಳಲ್ಲಿ ಉಬ್ಬರ ಲೆಕ್ಕ ಹಾಕ್ತಿದ್ರು, ಪ್ರತಿ ರಾಟೆಯೂ ಸೂರ್ಯ ಅಥವಾ ಚಂದ್ರನ ಒಂದೊಂದು ಚಲನೆಗೆ ಮೀಸಲು, ಎಲ್ಲದರ ಮೇಲೂ ಒಂದೇ ತಂತಿ ಹಾದುಹೋಗಿ ಕೊನೇಲಿ ಒಟ್ಟು ಮೊತ್ತ ತೋರಿಸ್ತಿತ್ತು. 1944ರಲ್ಲಿ ನಾರ್ಮಂಡಿ ತೀರದಲ್ಲಿ ಸೈನ್ಯ ಇಳಿಸೋಕೆ ಬೇಕಾದ ಉಬ್ಬರದ ಲೆಕ್ಕ ಮಾಡಿದ್ದೂ ಅಲ್ಲೇ, ಆರ್ಥರ್ ಡೂಡ್ಸನ್ ಅವರ ನೇತೃತ್ವದಲ್ಲಿ.

ಕಡತಗಳ_ನಡುವೆ:
ನೀರು, ಬಾಗಿಲು, ಇಂಜಿನಿಯರಿಂಗ್ ಎಲ್ಲ ಸರಿ ಸರ್, ಓದೋಕೆ ಖುಷಿಯಾಯ್ತು. ಆದ್ರೆ ಆ ಡಾಕ್ ತುಂಬಿಸಿದ್ದು ಯಾವ ವ್ಯಾಪಾರ ಅಂತ ಹೇಳದೆ ಮುಂದೆ ಹೋಗೋದು ಬೇಡ. ಉಬ್ಬರ ಇಳಿತ ಬ್ರಿಸ್ಟಲ್‌ನಲ್ಲಿ ಇನ್ನೂ ಜಾಸ್ತಿ ಇತ್ತು. ಲಿವರ್‌ಪೂಲ್ ಅದನ್ನ ಹಿಂದೆ ಹಾಕಿದ್ದು ಗುಲಾಮರ ವ್ಯಾಪಾರದಲ್ಲಿ. ಓಲ್ಡ್ ಡಾಕ್ ಕಟ್ಟೋಕೆ ಮುಂಚೇನೇ, 1699ರಲ್ಲಿ ಇಲ್ಲಿಂದ ಹೊರಟ 'ಲಿವರ್‌ಪೂಲ್ ಮರ್ಚೆಂಟ್' ಅನ್ನೋ ಹಡಗು ಆಫ್ರಿಕಾದಿಂದ 220 ಜನರನ್ನ ಬಾರ್ಬಡೋಸ್‌ಗೆ ಸಾಗಿಸಿತ್ತು. 1807ರಲ್ಲಿ ಆ ವ್ಯಾಪಾರ ನಿಷೇಧ ಆಗೋವರೆಗೆ ಲಿವರ್‌ಪೂಲ್ ಹಡಗುಗಳು ಸುಮಾರು 5,000 ಯಾನಗಳಲ್ಲಿ 15 ಲಕ್ಷದಷ್ಟು ಮನುಷ್ಯರನ್ನ ಸಾಗಿಸಿದ್ವು ಅಂತ ಅಂದಾಜಿದೆ. ಇಲ್ಲಿಂದ ಬಟ್ಟೆ, ಲೋಹದ ಸಾಮಾನು, ಬಂದೂಕು, ಅಲ್ಲಿಂದ ಮನುಷ್ಯರು, ಆಮೇಲೆ ಕೆರಿಬಿಯನ್‌ನಿಂದ ಸಕ್ಕರೆ, ರಮ್, ಹತ್ತಿ. ಸಕ್ಕರೆ ಕಾರ್ಖಾನೆಗಳು ಬಂದಿದ್ದು, ಬ್ಯಾಂಕು ಬೆಳೆದಿದ್ದು, ವಿಮೆ ಬೆಳೆದಿದ್ದು ಈ ಸುತ್ತಾಟದಲ್ಲೇ.

ಅಲ್ಲಿ ಟೌನ್ ಹಾಲ್ ಇದೆಯಲ್ಲ, ಅದರ ಹೊರಗೋಡೆ ಮೇಲಿನ ಕೆತ್ತನೆ ಪಟ್ಟಿ ತಲೆ ಎತ್ತಿ ನೋಡಿ. ಆನೆ, ಸಿಂಹದ ಜೊತೆ ಆಫ್ರಿಕನ್ನರ ಮುಖಗಳನ್ನ ಕೆತ್ತಿಸಿದ್ದಾರೆ. ಮುಚ್ಚಿಡೋ ವಿಷಯ ಅಂತ ಅವರಿಗೆ ಅನ್ನಿಸಿರಲಿಲ್ಲ, ಹೆಮ್ಮೆಯಿಂದಾನೇ ಕೆತ್ತಿಸಿದ್ರು. ನಗರಸಭೆ ಅಧಿಕೃತವಾಗಿ ಕ್ಷಮೆ ಕೇಳಿದ್ದು 1999ರಲ್ಲಿ. ಪರಂಪರೆ ಅನ್ನುವಾಗ ಇದೂ ಸೇರ್ಬೇಕು.

ಹೊಳೆದಂಡೆ:
ಮೇಡಂ, ಇದು ಬೇಕೇ ಬೇಕಿತ್ತು, ಬರೆದಿದ್ದಕ್ಕೆ ಥ್ಯಾಂಕ್ಸ್. ಡಾಕ್ ಗೋಡೆಯ ಇಟ್ಟಿಗೆಗೂ ಆ ದುಡ್ಡಿಗೂ ಸಂಬಂಧ ಬಿಡಿಸೋಕಾಗಲ್ಲ. ಇದರ ಜೊತೆ ಇಟ್ಟು ನೋಡ್ಬೇಕಾದ ಇನ್ನೊಂದು ಅಂದ್ರೆ ಒಳನಾಡು. ಚೆಶೈರ್ ಉಪ್ಪು, ಸೇಂಟ್ ಹೆಲೆನ್ಸ್ ಕಲ್ಲಿದ್ದಲು, ಲ್ಯಾಂಕಶೈರ್ ಬಟ್ಟೆ, ಮೂರೂ ಬೆನ್ನಿಗೇ ಇದ್ವು. 1757ರ ಸ್ಯಾಂಕಿ ಕಾಲುವೆ ಕಲ್ಲಿದ್ದಲು ತಂದ್ರೆ, ಲೀಡ್ಸ್‌ನಿಂದ ಬೆಟ್ಟ ದಾಟಿ ಬರೋ 127 ಮೈಲಿಯ ಕಾಲುವೆ ಪೂರ್ತಿ ಆಗಿದ್ದು 1816ರಲ್ಲಿ.

ಎರಿ_ಹೊಲ:
ನಮಸ್ಕಾರ್ರೀ ಎಲ್ಲಾರಿಗೂ. ಹತ್ತಿ ಅಂತ ಬಂತು ಅಂದಮ್ಯಾಲ ನಾ ಸುಮ್ನ ಕುಂಡ್ರಾಕ ಆಗೂದಿಲ್ಲ. ನಮ್ಮ ಧಾರವಾಡ ಸೀಮಿ ಎರಿ ಭೂಮಿಗೂ ಲಿವರ್‌ಪೂಲ್ ಪ್ಯಾಟಿಗೂ ನೇರ ಸಂಬಂಧ ಐತ್ರಿ. 1840ರ ಸುಮಾರಿಗೆ ಕಂಪನಿ ಸರಕಾರದವರು ಅಮೆರಿಕಾದ ನ್ಯೂ ಆರ್ಲಿಯನ್ಸ್ ಬೀಜ ತರಿಸಿ ಹಿಂದೂಸ್ತಾನದಾಗ ಹಲವು ಕಡೆ ಬಿತ್ತಿಸಿ ನೋಡಿದ್ರು, ಭಾಳ ಕಡೆ ಹತ್ತಲಿಲ್ಲ, ಧಾರವಾಡ ಸೀಮಿಯೊಳಗ ಬೇರು ಹಿಡೀತು. ಆ ಅರಳಿ ಗರಗಸದ ಹಲ್ಲಿನ ಜಿನ್ನಿನೊಳಗ (ಬೀಜ ಬಿಡಿಸೂ ಯಂತ್ರ) ಹಿಂಜಿ ಕಳಸ್ತಿದ್ರು, ಲಿವರ್‌ಪೂಲ್ ದಲಾಲರ ದರಪಟ್ಟಿಯೊಳಗ 'ಸಾ-ಜಿನ್ಡ್ ಧಾರವಾರ್' ಅಂತ ಅದಕ್ಕ ಬ್ಯಾರೆ ಸಾಲೇ ಇರ್ತಿತ್ತು. ನಮ್ಮ ದೇಶಿ ಅರಳಿಗೆ ವ್ಯಾಪಾರದಾಗ 'ಕುಮಟಾ' ಅಂತಿದ್ರು, ಯಾಕಂದ್ರ ಅದು ಬಂಡಿ ಮ್ಯಾಲ ಘಟ್ಟ ಇಳಿದು ಕುಮಟಾ ಬಂದರಕ್ಕ ಹೋಗಿ, ಅಲ್ಲಿಂದ ಹಾಯಿ ದೋಣಿ ಹತ್ತಿ ಮುಂಬಯಿ ಮುಟ್ಟಿ, ಅಲ್ಲಿಂದ ಆಫ್ರಿಕಾ ಸುತ್ತ ಹಾಕ್ಕೊಂಡು ಲಿವರ್‌ಪೂಲ್‌ಗೆ ಹೋಗ್ತಿತ್ತು. ಸೂಯೆಜ್ ಕಾಲುವಿ ತೆರೆದದ್ದು 1869ಕ್ಕ, ಅಲ್ಲೀತನಕ ಅದೇ ದಾರಿ.

1861ರಾಗ ಅಮೆರಿಕಾದಾಗ ಅಂತರ್ಯುದ್ಧ ಹತ್ತಿ, ದಕ್ಷಿಣದ ಬಂದರಗೋಳು ಬಂದ್ ಆದ್ವು, ಲ್ಯಾಂಕಶೈರ್ ಗಿರಣಿ ನಿಂತು ಕೂಲಿಕಾರ ಮಂದಿ ಉಪವಾಸ ಬಿದ್ರು. ಆವಾಗ ಎಲ್ಲಾರ ಕಣ್ಣು ನಮ್ಮ ಕಡೆ ತಿರುಗಿತು. ರೇಟ್ ಏರಿದ್ದ ಏರಿದ್ದು. 1862ರಾಗ ಉತ್ತರ ಕನ್ನಡ ಜಿಲ್ಲಾನ ಮದ್ರಾಸ್‌ನಿಂದ ತಗದು ಮುಂಬಯಿ ಪ್ರಾಂತಕ್ಕ ಸೇರಿಸಿದ್ರಲ್ಲ, ಅದರ ಹಿಂದ ಮ್ಯಾಂಚೆಸ್ಟರ್ ಹತ್ತಿ ಮಂದಿಯ ಒತ್ತಾಯ ಇತ್ತು, ಕಾರವಾರ ಬಂದರ ಮಾಡ್ರಿ, ಘಟ್ಟದ ರಸ್ತಾ ಮಾಡ್ರಿ, ಧಾರವಾಡ ಹತ್ತಿ ಲಗೂನ ಬರಲಿ ಅಂತ. 1865ಕ್ಕ ಯುದ್ಧ ಮುಗೀತು, ರೇಟ್ ಕುಸಿದು ಬಿತ್ತು, ಮುಂಬಯಿ ಪ್ಯಾಟಿ ದಿವಾಳಿ ಎದ್ದಿತು. ರೇಟ್ ನಿಂತಿದ್ದು ಅಮೆರಿಕಾದ ಲಡಾಯಿ ಮ್ಯಾಲ, ಬಿತ್ತಿದವ ನಮ್ಮ ಒಕ್ಕಲಿಗ.

ಕಡತಗಳ_ನಡುವೆ:
ಎರಿ ಹೊಲ ಅವರೇ, ಇದಕ್ಕೆ ಇನ್ನೊಂದು ಕೊಂಡಿ ಸೇರಿಸ್ತೀನಿ. ಅದೇ 1862ರಲ್ಲಿ ಬರ್ಕನ್‌ಹೆಡ್‌ನ ಲೈರ್ಡ್ ಹಡಗುಕಟ್ಟೆಯಲ್ಲಿ 'ಅಲಬಾಮಾ' ಅನ್ನೋ ಯುದ್ಧನೌಕೆ ತಯಾರಾಗಿ ಅಮೆರಿಕಾದ ದಕ್ಷಿಣದವರ ಕೈ ಸೇರ್ತು. ಗುಲಾಮರ ವ್ಯಾಪಾರ ನಿಂತು ಐವತ್ತು ವರ್ಷ ದಾಟಿದ್ರೂ ಲಿವರ್‌ಪೂಲ್‌ನ ಹತ್ತಿ ವ್ಯಾಪಾರಿಗಳಲ್ಲಿ ಬಹಳ ಜನರ ಒಲವು ಗುಲಾಮರಿಂದ ಹತ್ತಿ ಬೆಳೆಸೋ ದಕ್ಷಿಣದ ಕಡೆಗೇ ಇತ್ತು.

ಹಳಿ_ಪ್ರೇಮಿ:
ರೈಲಿನ ವಿಷಯ ಯಾರೂ ಎತ್ತಲೇ ಇಲ್ವಲ್ಲ! ಲಿವರ್‌ಪೂಲ್ ಮ್ಯಾಂಚೆಸ್ಟರ್ ರೈಲು, 15 ಸೆಪ್ಟೆಂಬರ್ 1830. ಎರಡು ದೊಡ್ಡ ಊರುಗಳ ನಡುವೆ ಟೈಂಟೇಬಲ್ ಇಟ್ಕೊಂಡು ಸ್ಟೀಮ್ ಇಂಜಿನ್ ಓಡಿಸಿದ ಮೊದಲ ಲೈನ್. ಇದಕ್ಕೂ ಭೂಗೋಳಕ್ಕೂ ಸಂಬಂಧ ಇದೆ. ಡಾಕ್‌ಗಳು ನದಿ ಮಟ್ಟದಲ್ಲಿ, ಊರಿನ ಹಿಂದೆ ಕೆಂಪು ಮರಳುಗಲ್ಲಿನ ಏರು ದಿಬ್ಬ. ಎಡ್ಜ್ ಹಿಲ್‌ನಿಂದ ವಾಪಿಂಗ್ ಡಾಕ್ ಹತ್ರಕ್ಕೆ ಆ ಕಲ್ಲಿನ ಹೊಟ್ಟೆಯೊಳಗೆ ಎರಡು ಕಿಲೋಮೀಟರ್ ಸುರಂಗ ಕೊರೆದ್ರು. ಇಳಿಜಾರು ಎಷ್ಟಿತ್ತು ಅಂದ್ರೆ ಗೂಡ್ಸ್ ವ್ಯಾಗನ್‌ಗಳು ತಾವೇ ಉರುಳ್ಕೊಂಡು ಡಾಕ್‌ಗೆ ಇಳೀತಿದ್ವು, ಹತ್ತಿಸೋಕೆ ಮಾತ್ರ ಮೇಲೆ ನಿಂತಿರೋ ಸ್ಟೀಮ್ ಇಂಜಿನ್ ಹಗ್ಗ ಕಟ್ಟಿ ಎಳೀಬೇಕಿತ್ತು. ಇಂಜಿನ್ ಸುರಂಗದೊಳಗೆ ಹೋಗ್ತಾನೇ ಇರ್ಲಿಲ್ಲ. ಈಗ್ಲೂ ಮ್ಯಾಂಚೆಸ್ಟರ್‌ನಿಂದ ಬರೋ ರೈಲಲ್ಲಿ ಕೂತ್ರೆ ಊರು ಹತ್ರ ಬಂದಾಗ ಆಲಿವ್ ಮೌಂಟ್ ಅನ್ನೋ ಕಡೆ ಎರಡೂ ಬದಿ ಗೋಡೆ ಥರ ಕಲ್ಲು ಎದ್ದು ನಿಲ್ಲುತ್ತೆ, 20 ಮೀಟರ್ ಆಳದವರೆಗೆ ಕೊರೆದ ಕಣಿವೆ ಅದು. ಕಿಟಕಿಯಿಂದ ನೋಡಿ, ಪಾಚಿ ಹಿಡಿದ ಒದ್ದೆ ಕಲ್ಲು ಕೈಗೆಟಕೋ ಹಾಗಿರುತ್ತೆ.

ಇನ್ನೊಂದು, ಓವರ್‌ಹೆಡ್ ರೈಲ್ವೆ. 1893ರಲ್ಲೇ ಡಾಕ್ ಉದ್ದಕ್ಕೂ ಕಬ್ಬಿಣದ ಕಂಬಗಳ ಮೇಲೆ ಕರೆಂಟ್ ರೈಲು! ಮಳೆ ಬಂದ್ರೆ ಕೂಲಿ ಮಂದಿ ಅದರ ಕೆಳಗೆ ನಡ್ಕೊಂಡು ಹೋಗ್ತಿದ್ರು, ಅದಕ್ಕೆ ಡಾಕ್ ಕೂಲಿಗಳ ಕೊಡೆ ಅಂತಾನೇ ಹೆಸರಾಗಿತ್ತು. ಕೆಳಗೆ ಓಡ್ತಿದ್ದ ಸ್ಟೀಮ್ ಇಂಜಿನ್ ಹೊಗೆಯಿಂದ ಕಬ್ಬಿಣ ತುಕ್ಕು ಹಿಡಿದು, ರಿಪೇರಿಗೆ ದುಡ್ಡಿಲ್ಲದೆ 1956ರ ಕೊನೇಲಿ ಮುಚ್ಚಿದ್ರು, ಆಮೇಲೆ ಕಿತ್ತೇ ಹಾಕಿದ್ರು. ಇವತ್ತು ಅದಿದ್ದಿದ್ರೆ ಅನ್ನಿಸುತ್ತೆ ನನಗೆ ಪ್ರತಿ ಸಲ.

ಪಣಂಬೂರು_ಪೋರ:
ಆಲ್ಬರ್ಟ್ ಡಾಕ್ ಬಗ್ಗೆ ಹೇಳಿ ಸರ್, ಫೋಟೋದಲ್ಲಿ ನೋಡಿದ್ದೇನೆ, ಆ ಕೆಂಪು ಕಂಬಗಳು ಎಷ್ಟು ದಪ್ಪ ಉಂಟು!

ಹೊಳೆದಂಡೆ:
ಅದು ಎರಕದ ಕಬ್ಬಿಣ. ಜೆಸ್ಸಿ ಹಾರ್ಟ್ಲಿ ಅನ್ನೋ ಇಂಜಿನಿಯರ್ 1824ರಿಂದ 1860ರಲ್ಲಿ ಸಾಯೋವರೆಗೆ ಇಲ್ಲಿನ ಡಾಕ್‌ಗಳ ಉಸ್ತುವಾರಿ ನೋಡ್ಕೊಂಡ್ರು, ನನ್ನ ಕಣ್ಣಿಗೆ ಈ ಊರಿನ ದೊಡ್ಡ ಮನುಷ್ಯ ಅವರೇ. ಆ ಕಾಲದ ಗೋಡೌನ್‌ಗಳಲ್ಲಿ ಮರದ ತೊಲೆ, ಮರದ ಅಟ್ಟ, ಒಳಗೆ ಹತ್ತಿ, ರಮ್, ಎಣ್ಣೆ. ಒಂದು ಕಿಡಿ ಸಾಕು. ಹಾರ್ಟ್ಲಿ ಏನು ಮಾಡಿದ್ರು ಅಂದ್ರೆ 18 ಅಡಿ 10 ಅಡಿಯ ಮಾದರಿ ಕಟ್ಟಡ ಕಟ್ಟಿ, ಒಳಗೆ ಮರ, ಟಾರು ತುಂಬಿ ಬೆಂಕಿ ಹಚ್ಚಿ, ಯಾವ ರೀತಿ ಕಟ್ಟಿದ್ದು ತಾಳುತ್ತೆ ಅಂತ ಪರೀಕ್ಷೆ ಮಾಡಿ ನೋಡಿದ್ರು. ಕೊನೆಗೆ ಆಯ್ಕೆ ಮಾಡಿದ್ದು ಕಬ್ಬಿಣದ ಕಂಬ, ಇಟ್ಟಿಗೆ ಕಮಾನು, ಗ್ರಾನೈಟ್, ಮಾಡಿಗೂ ಕಬ್ಬಿಣದ ತಗಡು. ಭಾರ ಹೊರೋ ಜಾಗದಲ್ಲಿ ಮರ ಅನ್ನೋದೇ ಇಲ್ಲ. 1846ರಲ್ಲಿ ರಾಣಿಯ ಗಂಡ ಪ್ರಿನ್ಸ್ ಆಲ್ಬರ್ಟ್ ಬಂದು ಉದ್ಘಾಟನೆ ಮಾಡಿದ್ರು, ಎರಡು ವರ್ಷಕ್ಕೆ ನೀರಿನ ಒತ್ತಡದಿಂದ ಓಡೋ ಹೈಡ್ರಾಲಿಕ್ ಕ್ರೇನ್‌ಗಳೂ ಬಂದ್ವು.

ಹಾರ್ಟ್ಲಿಯ ಕಲ್ಲುಕೆಲಸ ಹತ್ರದಿಂದ ನೋಡ್ಬೇಕು ಅಂದ್ರೆ ಉತ್ತರದ ಡಾಕ್‌ಗಳಿಗೆ ಹೋಗಿ. ಸಾಲು ಸಾಲಾಗಿ ಚೌಕ ಕಡಿದ ಕಲ್ಲಲ್ಲ, ಸ್ಕಾಟ್ಲೆಂಡಿನ ಗ್ರಾನೈಟ್, ಒಂದೊಂದು ಒಂದೊಂದು ಆಕಾರ, ದೊಡ್ಡದರ ಸಂದಿಗೆ ಚಿಕ್ಕದು ಕೂರಿಸಿ ಜೋಡಿಸಿದ್ದು. ಹಡಗು ಗುದ್ದಿದ್ರೂ ಒಂದು ಕಲ್ಲು ಜಾರಲ್ಲ. ಸಂದಿ ಎಷ್ಟು ಕಿರಿದು ಅಂದ್ರೆ ಇವತ್ತಿಗೂ ಅಲ್ಲಿ ಹುಲ್ಲು ಹುಟ್ಟೋಕೆ ಜಾಗ ಕಮ್ಮಿ.

ಸಂಕಟ ಏನಂದ್ರೆ ಆಲ್ಬರ್ಟ್ ಡಾಕ್ ಹಾಯಿ ಹಡಗಿನ ಅಳತೆಗೆ ಕಟ್ಟಿದ್ದು. ಸ್ಟೀಮರ್‌ಗಳು ಉದ್ದ ಅಗಲ ಬೆಳೆದ ಹಾಗೆ ಬಾಗಿಲು ಸಾಲದೇ ಹೋಯ್ತು, 1920ರ ಹೊತ್ತಿಗೆ ಅಲ್ಲಿಗೆ ಹಡಗು ಬರೋದು ಹೆಚ್ಚುಕಡಿಮೆ ನಿಂತೇಹೋಗಿತ್ತು. ಪ್ರತಿ ತಲೆಮಾರಿನ ಹಡಗಿಗೂ ದೊಡ್ಡ ಬಾಗಿಲು ಬೇಕು, ದೊಡ್ಡ ಬಾಗಿಲಿಗೆ ಹೊಸ ಡಾಕ್ ಬೇಕು, ಅದಕ್ಕೆ ಜಾಗ ಇರೋದು ಉತ್ತರಕ್ಕೆ, ಸಮುದ್ರದ ಕಡೆ. ನಕ್ಷೆಯಲ್ಲಿ ದಕ್ಷಿಣದಿಂದ ಉತ್ತರಕ್ಕೆ ಹೋಗ್ತಾ ಹೋದ್ರೆ ಹಡಗಿನ ಗಾತ್ರ ಬೆಳೆದಿದ್ದು ಕಣ್ಣಿಗೇ ಕಾಣುತ್ತೆ, 1927ರ ಗ್ಲಾಡ್‌ಸ್ಟನ್ ಡಾಕ್‌ವರೆಗೂ. ಇಷ್ಟರ ನಡುವೆ ಲಿವರ್‌ಪೂಲ್‌ನವರ ಸುಂಕಕ್ಕೆ ಬೇಸತ್ತ ಮ್ಯಾಂಚೆಸ್ಟರ್‌ನವರು 1894ರಲ್ಲಿ 36 ಮೈಲಿ ಹಡಗು ಕಾಲುವೆ ತೋಡಿ ಸಮುದ್ರಾನೇ ತಮ್ಮೂರಿಗೆ ತಗೊಂಡು ಹೋದ್ರು.

ಪಣಂಬೂರು_ಪೋರ:
ಮತ್ತೆ ಕಂಟೇನರ್ ಬಂತು. ಇದು ನನ್ನ ಕೆಲಸದ ವಿಷಯ, ನಾನೇ ಹೇಳ್ತೇನೆ. ಮೂಟೆ, ಪೆಟ್ಟಿಗೆ, ಪೀಪಾಯಿ ಅಂತ ಕೈಯಲ್ಲಿ ಇಳಿಸುವಾಗ ಒಂದು ಹಡಗಿಗೆ ನೂರಾರು ಜನ, ದಿನಗಟ್ಟಲೆ ಕೆಲಸ. ಕಂಟೇನರ್ ಆದ್ರೆ ಒಂದು ಕ್ರೇನ್, ಬೆರಳೆಣಿಕೆಯ ಜನ, ಗಂಟೆಗಳ ಲೆಕ್ಕ. ಗೋಡೌನೂ ಬೇಡ, ಡಬ್ಬಿಯೇ ಗೋಡೌನ್. 1972ರಲ್ಲಿ ಸೀಫೋರ್ತ್ ಡಾಕ್ ಶುರು ಆಯ್ತು, ಅದೇ ವರ್ಷ ದಕ್ಷಿಣದ ಡಾಕ್‌ಗಳು ಬಂದ್. 1931ರಲ್ಲಿ ಎಂಟೂವರೆ ಲಕ್ಷ ಇದ್ದ ಊರು 2001ಕ್ಕೆ 4.4 ಲಕ್ಷಕ್ಕೆ ಇಳಿದಿದೆ ಅಂದ್ರೆ ಆಲೋಚನೆ ಮಾಡಿ. ಕೆಲವರು ಹೊರವಲಯಕ್ಕೆ ಹೋದ್ರು ಸರಿ, ಆದ್ರೆ ಕೆಲಸ ಹೋದದ್ದೂ ಸುಳ್ಳಲ್ಲ. 1995ರಿಂದ 98ರವರೆಗೆ ಡಾಕ್ ಕಾರ್ಮಿಕರು ಹೋರಾಟ ಮಾಡಿದ್ದು ನಮ್ಮ ಕಡೆ ಯೂನಿಯನ್‌ನ ಹಿರಿಯರಿಗೆ ಈಗ್ಲೂ ನೆನಪುಂಟು.

ಹೊಳೆದಂಡೆ:
ಪೂರ್ತಿ ಒಪ್ತೀನಿ ಅಣ್ಣ. ದಕ್ಷಿಣದ ಡಾಕ್‌ಗಳು ಮುಚ್ಚಿದ ಮೇಲೆ ಬಾಗಿಲು ತೆಗೆದೇ ಬಿಟ್ರು, ನದಿ ಹೋಗ್ತಾ ಬರ್ತಾ ಕೆಸರು ತಂದು ಸುರೀತು, ಆಲ್ಬರ್ಟ್ ಡಾಕ್ ಒಳಗೆ ನೀರಿನ ಬದಲು ಹೂಳಿನ ಗುಡ್ಡೆ. 1981ರಲ್ಲಿ, ಊರಿನ ಟಾಕ್ಸ್‌ಟೆತ್ ಬಡಾವಣೆಯಲ್ಲಿ ಗಲಭೆ ಆದ ವರ್ಷವೇ, ಸರ್ಕಾರ ಅಭಿವೃದ್ಧಿ ನಿಗಮ ಮಾಡಿ, ಹೂಳೆತ್ತಿ, ಬಾಗಿಲು ಮತ್ತೆ ಕೂರಿಸಿ, 1988ರಲ್ಲಿ ಡಾಕ್ ತೆರೀತು.

2016ರಲ್ಲಿ ಬಂದ ಲಿವರ್‌ಪೂಲ್-2 ಟರ್ಮಿನಲ್‌ಗೆ ಬಾಗಿಲೇ ಇಲ್ಲ. ನದಿಯಲ್ಲೇ ಸುಮಾರು 850 ಮೀಟರ್ ಉದ್ದದ ದಕ್ಕೆ, ಪಕ್ಕದಲ್ಲಿ ಆಳಕ್ಕೆ ಹೂಳೆತ್ತಿ, ಏರಿಳಿತ ಎಷ್ಟೇ ಆಗ್ಲಿ ಹಡಗು ತೇಲ್ತಾನೇ ಇರೋ ಹಾಗೆ ಮಾಡಿದ್ದಾರೆ, ಕ್ರೇನ್‌ಗಳು ಅಷ್ಟು ಎತ್ತರ. 1715ರಿಂದ ಬಾಗಿಲ ಹಿಂದೆ ಇದ್ದ ಬಂದರು ಮತ್ತೆ ನದಿಗೆ ವಾಪಸ್ ಬಂತು.

ಲೀಡ್ಸ್_ಕನ್ನಡಿಗ:
ಯುನೆಸ್ಕೋ ವಿಷಯ ಯಾರಾದ್ರೂ ಹೇಳಿ. ಲಿವರ್‌ಪೂಲ್ ಬಂದರು 2004ರಲ್ಲಿ ವಿಶ್ವ ಪರಂಪರೆ ಪಟ್ಟಿ ಸೇರಿ 2021ರಲ್ಲಿ ಹೊರಗೆ ಬಿತ್ತು, ಹೀಗೆ ಪಟ್ಟಿಯಿಂದ ತೆಗೆದಿದ್ದು ಜಗತ್ತಲ್ಲಿ ಅದು ಮೂರನೇದು. ನನ್ನ ಪ್ರಕಾರ ತೆಗೆದಿದ್ದು ತಪ್ಪು. ಪಾಳು ಬಿದ್ದ ಡಾಕ್‌ನಲ್ಲಿ ಎವರ್ಟನ್ ಫುಟ್‌ಬಾಲ್ ಕ್ಲಬ್ಬಿನ ಸ್ಟೇಡಿಯಂ ಬಂದು 2025ರಿಂದ 52 ಸಾವಿರ ಜನ ಸೇರ್ತಾರೆ, ಸುತ್ತಲಿನ ಬಡ ಬಡಾವಣೆಗೆ ಕೆಲಸ ಬಂತು. ಹತ್ತಿರದಲ್ಲೇ ಸ್ಟಾನ್ಲಿ ಡಾಕ್‌ನ ತಂಬಾಕು ಗೋಡೌನ್, 1901ರದ್ದು, 2.7 ಕೋಟಿ ಇಟ್ಟಿಗೆ, 14 ಅಂತಸ್ತು, ಎಷ್ಟೋ ವರ್ಷ ಖಾಲಿ ಇತ್ತು, ಈಗ ಅಲ್ಲಿ ಮನೆಗಳು. ಜನ ಇದ್ರೆ ತಾನೇ ಕಟ್ಟಡ ಉಳಿಯೋದು?

ಹೊಳೆದಂಡೆ:
ಗೋಡೌನ್ ವಿಷಯದಲ್ಲಿ ನಿಮ್ಮ ಮಾತು ಸರಿ, ಅಲ್ಲಿ ಕಟ್ಟಡ ಉಳೀತು. ಸ್ಟೇಡಿಯಂ ವಿಷಯದಲ್ಲಿ ನನಗೆ ಬೇಜಾರಿದೆ. ಬ್ರಾಮ್ಲಿ-ಮೂರ್ ಡಾಕ್ 1848ರದ್ದು, ಹಾರ್ಟ್ಲಿಯದ್ದೇ, ಲ್ಯಾಂಕಶೈರ್ ಕಲ್ಲಿದ್ದಲು ಹಡಗು ಹತ್ತಿದ ಜಾಗ. ಹೊರಗೋಡೆ, ಹೈಡ್ರಾಲಿಕ್ ಇಂಜಿನ್ ಮನೆ ಉಳಿಸಿದ್ದಾರೆ ನಿಜ, ಒಳ್ಳೆ ಕೆಲಸಾನೇ ಮಾಡಿದ್ದಾರೆ, ಆದ್ರೆ ನಡುವಿನ ನೀರನ್ನ ಸಮುದ್ರದ ಮರಳು ತುಂಬಿ ಮುಚ್ಚಿದ್ರು. ಡಾಕ್ ಅಂದ್ರೆ ಬರೀ ದಡದ ಕಲ್ಲಲ್ಲ, ಹಿಡಿದಿಟ್ಟ ಆ ನೀರು. ಮೂರು ಶತಮಾನ ಜನ ಕಷ್ಟಪಟ್ಟಿದ್ದು ಆ ನೀರಿನ ಮಟ್ಟ ಕಾಯೋಕೆ. ಆ ಬಡಾವಣೆಗೆ ಸ್ಟೇಡಿಯಂ ಬೇಕಿತ್ತು ಅಂತ ನೀವಂದ್ರೆ ಇಲ್ಲ ಅನ್ನಲ್ಲ, ಆದ್ರೆ ಉತ್ತರದ ಸಾಲಿನಲ್ಲಿ ಇನ್ನೊಂದು ಡಾಕ್ ಮುಚ್ಚೋಕೆ ಬಂದ್ರೆ ನಾನು ವಿರೋಧವಾಗಿ ಬರೆದೇ ಬರೀತೀನಿ.

ಹೊಸ_ಓದುಗ್ತಿ:
ಇಡೀ ಚರ್ಚೆ ಓದ್ದೆ, ತುಂಬಾ ಇಷ್ಟ ಆಯ್ತು. ಮ್ಯಾಂಚೆಸ್ಟರ್‌ನಲ್ಲಿ ಓದ್ತಿದೀನಿ, ಒಂದು ದಿನಕ್ಕೆ ಬರ್ಬೇಕು ಅಂತಿದೀನಿ. ಏನೇನು ನೋಡ್ಲಿ ಸರ್?

ಹೊಳೆದಂಡೆ:
ಬನ್ನಿಮ್ಮ. ಆಲಿವ್ ಮೌಂಟ್ ಕಣಿವೆ ದಾರಿಯಲ್ಲೇ ಸಿಗುತ್ತೆ, ಕಿಟಕಿ ಸೀಟ್ ಹಿಡೀರಿ. ಲಿವರ್‌ಪೂಲ್ ಒನ್ ಮಾಲ್ ಹತ್ರ ಥಾಮಸ್ ಸ್ಟೀರ್ಸ್ ವೇ ಅಂತ ರಸ್ತೆ ಇದೆ, ಅಲ್ಲಿ ನೆಲದಲ್ಲಿ ಗಾಜು ಕೂರಿಸಿದ್ದಾರೆ, ಬಗ್ಗಿ ನೋಡಿದ್ರೆ ಕೆಳಗೆ ಓಲ್ಡ್ ಡಾಕ್ ಗೋಡೆ ಕಾಣುತ್ತೆ. 1826ರಲ್ಲಿ ಮುಚ್ಚಿ, 2001ರಲ್ಲಿ ಅಗೆಯುವಾಗ ಮತ್ತೆ ಸಿಕ್ಕಿದ್ದು. ಗುಲಾಮಗಿರಿ ಮ್ಯೂಸಿಯಂ ಆಲ್ಬರ್ಟ್ ಡಾಕ್‌ನಲ್ಲೇ ಇದೆ, ಆದ್ರೆ 2025ರಲ್ಲಿ ನವೀಕರಣಕ್ಕೆ ಮುಚ್ಚಿದ್ದಾರೆ, ತೆರೆದಿದೆಯಾ ಅಂತ ವಿಚಾರಿಸ್ಕೊಂಡು ಬನ್ನಿ. ಮ್ಯೂಸಿಯಂ ಆಫ್ ಲಿವರ್‌ಪೂಲ್‌ನಲ್ಲಿ ಓವರ್‌ಹೆಡ್ ರೈಲಿನ ಒಂದು ಬೋಗಿ ಇದೆ, ಒಳಗೆ ಕೂರಬಹುದು. ಆಮೇಲೆ ಸ್ಯಾಂಡ್‌ಹಿಲ್ಸ್ ಸ್ಟೇಷನ್‌ನಲ್ಲಿ ಇಳಿದು ರೀಜೆಂಟ್ ರೋಡ್‌ನಲ್ಲಿ ದಕ್ಷಿಣಕ್ಕೆ ನಡೀರಿ, ಹಾರ್ಟ್ಲಿಯ ಕಲ್ಲಿನ ಗೋಡೆ, ತಂಬಾಕು ಗೋಡೌನ್ ಎರಡೂ ಅಲ್ಲೇ. ಗಾಳಿ ಜೋರಿರುತ್ತೆ, ದಪ್ಪ ಜಾಕೆಟ್ ಇರಲಿ.

ಟೈಮ್ ಉಳಿದ್ರೆ ನದಿ ಕೆಳಗಿನ 1886ರ ರೈಲು ಸುರಂಗದಲ್ಲಿ ನಮ್ಮ ಕಡೆ ಬಂದು ನ್ಯೂ ಬ್ರೈಟನ್‌ನಲ್ಲಿ ಇಳೀರಿ, ಲಿವರ್‌ಪೂಲ್-2ರ ಕೆಂಪು ಕ್ರೇನ್‌ಗಳು ಸೀದಾ ಎದುರಿಗೇ. ಎಲ್ಲಕ್ಕಿಂತ ಮುಖ್ಯ, ನೀರು ಪೂರ್ತಿ ಇಳಿದಾಗ ಒಂದ್ಸಲ, ತುಂಬಿದಾಗ ಒಂದ್ಸಲ ಲಿವರ್‌ಪೂಲ್ ದಡದ ಪಿಯರ್ ಹೆಡ್‌ನಲ್ಲಿ ನಿಂತು ಒಂದೇ ಜಾಗದ ಗೋಡೆ ನೋಡ್ಬೇಕು, ಅದಕ್ಕೆ ಸರಿಯಾದ ದಿನ ಬೇಕು. ಯಾವ ವಾರ ಬರ್ತೀರಿ ಅಂತ ಇಲ್ಲೇ ಹಾಕಿ, ಹುಣ್ಣಿಮೆ ಅಮಾವಾಸ್ಯೆ ಆದ ಒಂದೆರಡು ದಿನಕ್ಕೆ ಹೊಂದಿಸ್ಕೊಂಡ್ರೆ ಒಳ್ಳೇದು, ಟೈಡ್ ಟೇಬಲ್ ನೋಡಿ ನಾನು ಗಂಟೆ ಹೇಳ್ತೀನಿ.